ಇನ್ನೂರು ಜನರ ಹುಟ್ಟಿದ ದಿನ ಕೆಡಿಸಿದವನನ್ನು ಮುನೇಶ್ವರ ಕಾಪಾಡಿದ್ದು

ಭಕ್ತ ಬಂಧುಗಳೇ, ಹುಟ್ಟುವುದಕ್ಕೆ ಎರಡು ತಿಂಗಳು ಮೊದಲೇ ಒಂದು ಕೂಸಿಗೆ ಕಾಮಾಲೆ ಬರಿಸಿದ ಮಹಾನುಭಾವ ನಾನು. ಆ ತಪ್ಪಿಗೆ ಕೆಲಸ ಹೋಗಲಿದ್ದವನನ್ನು ನಮ್ಮ ಮುನೇಶ್ವರಸ್ವಾಮಿ ಉಳಿಸಿದ.

ನಾಲ್ಕು ವರ್ಷದ ಹಿಂದಿನ ಮಾತು. ವೈಟ್‌ಫೀಲ್ಡ್‌ನ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪನಿಯಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲಿದ್ದೆ. ಅಮೆರಿಕದ ಆಸ್ಪತ್ರೆಗಳಿಂದ ಬರುವ ಚೀಟಿ ನೋಡಿ ರೋಗಿಯ ಹೆಸರು, ಹುಟ್ಟಿದ ದಿನ, ಕಾಯಿಲೆ ಎಲ್ಲ ಕಂಪ್ಯೂಟರಿಗೆ ತುಂಬಬೇಕು. ಅದು ಅಲ್ಲಿನ ಇನ್ಶೂರೆನ್ಸ್‌ನವರಿಗೆ ಹೋಗುತ್ತದೆ. ಇದಕ್ಕೆ ಮೊದಲು ಎರಡು ಕಡೆ ನನ್ನನ್ನು ಮನೆಗೆ ಕಳಿಸಿದ್ದರು. ಅಮ್ಮ ಬೇರೆ ಕಾಡುಗೋಡಿ ಮಾರ್ಕೆಟ್ಟಿನಲ್ಲೆಲ್ಲ "ನಮ್ ಹುಡ್ಗ ಅಮೆರಿಕಾ ಆಸ್ಪತ್ರೇಲವ್ನೆ" ಎಂದು ಸಾರಿಬಿಟ್ಟಿದ್ದಳು. ಸೊಪ್ಪಿನ ಅಕ್ಕ ನನ್ನ ಬಳಿ ಮಂಡಿ ನೋವಿಗೆ ಮಾತ್ರೆ ಕೇಳುತ್ತಿದ್ದಳು.

ಪ್ರೊಬೇಷನ್ ಮುಗಿಯಲು ಒಂದೇ ವಾರವಿತ್ತು. ಅಮೆರಿಕದವರು ತಿಂಗಳು ಮೊದಲು, ತಾರೀಕು ಆಮೇಲೆ ಬರೆಯುತ್ತಾರೆಂದು ಟ್ರೈನಿಂಗ್‌ನಲ್ಲಿ ಹೇಳಿದ್ದರಂತೆ. ನಾನಾಗ ಬೋಂಡ ತಿನ್ನಲು ಹೋಗಿದ್ದೆ. ಅಷ್ಟು ದಿನ ಕಂಡದ್ದನ್ನು ಕಂಡಂತೆ ಟೈಪ್ ಮಾಡಿ ಬದುಕಿದ್ದೆ. ಆ ಶುಕ್ರವಾರ ಮಾತ್ರ ಬುದ್ಧಿ ಓಡಿತು. ಒಂದು ಚೀಟಿಯಲ್ಲಿ 04/25 ಎಂದಿತ್ತು; ಇಪ್ಪತ್ತೈದನೇ ತಿಂಗಳು ಎಲ್ಲಾದರೂ ಉಂಟೇ? ಪಾಪ, ತಿರುವುಮುರುವು ಬರೆದಿದ್ದಾರೆ ಎಂದುಕೊಂಡು ಎಲ್ಲವನ್ನೂ ತಿರುಗಿಸಿದೆ. ಕಂಪ್ಯೂಟರ್ ಒಪ್ಪದ್ದನ್ನು ಬಿಟ್ಟೆ, ಒಪ್ಪಿದವು ಇನ್ನೂರು.

ಸೋಮವಾರ ಕಂಪ್ಯೂಟರ್ ಪರದೆ ತಪ್ಪು ತೋರಿಸಿ ಕೆಂಪಾಯಿತು. ಮಾರ್ಚ್ ಐದಕ್ಕೆ ಹುಟ್ಟಿದ ಕೂಸನ್ನು ನಾನು ಮೇ ಮೂರಕ್ಕೆ ಹುಟ್ಟಿಸಿದ್ದೆ. ಕಾಮಾಲೆಗೆ ಚಿಕಿತ್ಸೆಯಾದದ್ದು ಮಾರ್ಚ್ ಏಳಕ್ಕೆ! ಆಗ ಎಲ್ಲ ಅರ್ಥವಾಯಿತು. ಶುಕ್ರವಾರದ ಫೈಲು ಸೋಮವಾರ ಹನ್ನೊಂದಕ್ಕೆ ಇನ್ಶೂರೆನ್ಸ್‌ನವರಿಗೆ ಹೋಗುವುದು ವಾಡಿಕೆ, ಗಂಟೆ ಆಗಲೇ ಹನ್ನೆರಡಾಗಿತ್ತು.

ಊಟದ ಬಿಡುವಿನಲ್ಲಿ ಗೇಟಿನ ಹಿಂದಿನ ಮುನೇಶ್ವರನ ಗುಡಿಗೆ ಓಡಿದೆ. "ಸ್ವಾಮಿ, ಯಾರಿಗೂ ಗೊತ್ತಾಗದಂಗೆ ಮಾಡು, ನೂರೊಂದು ನಿಂಬೆಹಣ್ಣಿನ ಹಾರ ಹಾಕ್ತೀನಿ" ಎಂದು ಜೋರಾಗಿಯೇ ಬೇಡಿದೆ. ಪೂಜಾರಿ ಮುನಿಯಪ್ಪ ತಾತ ಕೇಳಿಸಿಕೊಂಡ.

"ಏನ್ಲಾ, ಕಳ್ಳತನಕ್ಕೆ ದ್ಯಾವ್ರನ್ನೂ ಸೇರಿಸ್ಕಂತೀಯಾ? ಅಂಗೆಲ್ಲ ಆಗಕಿಲ್ಲ. ಬಾಯ್ ಬುಡೋ ಧೈರ್ಯ ಕೇಳು, ಕೊಡ್ತಾನೆ."

"ಕೆಲ್ಸ ಹೋದ್ರೆ, ತಾತಾ?"

"ಓದ್ರೆ ಓಯ್ತದೆ. ಮೊದ್ಲು ಕೇಳ್ಲಾ!"

ಕಣ್ಣು ಮುಚ್ಚಿ ಕೇಳಿದೆ. ಯಾವಾಗಲೂ ಟೀ ಅಂಗಡಿಗೆ ತಿರುಗುವ ನನ್ನ ಕಾಲು ಅಂದು ನೆಟ್ಟಗೆ ಟೀಮ್ ಲೀಡ್ ಸುಷ್ಮಾ ಮೇಡಂ ಮೇಜಿನ ಮುಂದೆ ನಿಂತಿತು.

"ಮೇಡಂ, ಶುಕ್ರವಾರ ಇನ್ನೂರು ಜನರ ಹುಟ್ಟಿದ ದಿನ ತಿರುಗಿಸ್ಬಿಟ್ಟಿದ್ದೀನಿ."

"ಯಾಕೋ?"

"ಅಮೆರಿಕದವರನ್ನ ತಿದ್ದೋಣ ಅಂತ."

ಮೇಡಂ ತಲೆ ಚಚ್ಚಿಕೊಂಡರು. ಆಮೇಲೆ ಕಂಪ್ಯೂಟರ್ ನೋಡಿ, "ಪುಣ್ಯಾತ್ಮ, ಇವತ್ತು ಅಲ್ಲಿ ರಜೆ ಕಣೋ! ಫೈಲ್ ಹೋಗೋದು ನಾಳೆ. ನಾಳೆ ಬಂದ್ ಹೇಳಿದ್ರೆ ಇಬ್ರಿಗೂ ಗೇಟ್‌ಪಾಸು. ಕೂತ್ಕೊ, ಎಲ್ಲಾ ಸರಿಮಾಡು" ಎಂದರು.

ಸಂಜೆ ಆರರೊಳಗೆ ಇನ್ನೂರು ಮಂದಿಯೂ ಅವರವರ ದಿನವೇ ಹುಟ್ಟಿದರು. ವಾರ ಕಳೆದು ನನ್ನನ್ನು ಕಾಯಂ ಮಾಡಿದ ಪತ್ರ ಕೊಡುತ್ತಾ ಮೇಡಂ, "ನಿನ್ ಟೈಪಿಂಗ್ ನೋಡಿ ಕೊಡ್ತಿಲ್ಲ, ನೀನಾಗೇ ಬಂದ್ ಹೇಳ್ದೆ ಅಂತ" ಎಂದರು.

"ಮಗಾ, ಆ ರಜೆ ಕ್ಯಾಲೆಂಡರ್‌ನಲ್ಲೇ ಇತ್ತಲ್ಲೋ" ಎಂದು ಗೆಳೆಯರು ಕಿಚಾಯಿಸುತ್ತಾರೆ. ಇತ್ತು, ಒಪ್ಪುತ್ತೇನೆ. ಆದರೆ ಹುಟ್ಟಿದಾಗಿನಿಂದ ತಪ್ಪು ಮುಚ್ಚಿಟ್ಟೇ ಬೆಳೆದ ನನ್ನ ಬಾಯಿ ಆ ದಿನವೇ ತೆರೆದದ್ದು ಯಾವ ಕ್ಯಾಲೆಂಡರ್‌ನಲ್ಲಿತ್ತು? ನಿಮ್ಮ ಹೊಟ್ಟೆಯಲ್ಲೂ ಹೇಳಲಾರದ ತಪ್ಪೊಂದು ಕೂತಿದ್ದರೆ ಸ್ವಾಮಿಯ ಮುಂದೆ ನಿಂತು ಧೈರ್ಯ ಕೇಳಿ. ನನ್ನಂಥವನಿಗೇ ಕೊಟ್ಟವನು ನಿಮಗೆ ಇಲ್ಲವೆನ್ನುವನೇ?