ಲಾಯಬಲ್ ಅಂದರೆ ಜಿಮ್ಮೇದಾರ

ಒಂದು ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ಲಾಯಬಲ್. ಶಬ್ದದ ಮೇಲೆ ಯಾರಾದರೂ ಸಿಟ್ಟು ಮಾಡುತ್ತಾರಾ ಅಂತ ಮೊಮ್ಮಕ್ಕಳು ನಗುತ್ತಾರೆ. ನಾನು ಮಾಡುತ್ತೇನೆ. ನಮ್ಮ ಅಕ್ಕನ ಬಾಳುವೆ ಮುರಿದದ್ದು ಆ ಶಬ್ದದಿಂದ. ಅದನ್ನು ಕೇಳಿ ತಲೆ ಆಡಿಸಿದವರಿಂದ ಅನ್ನುವುದು ಇನ್ನೂ ಸರಿ.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ ಹೊಸತು. ಅಲ್ಲಿಯವರೆಗೆ ಕಚೇರಿ, ಅದಾಲತ್ತು, ದವಾಖಾನೆ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಈಗ ಎಲ್ಲೆಲ್ಲಿಂದಲೋ ಅಧಿಕಾರಿಗಳು ಬಂದಿಳಿದರು. ಅವರಿಗೆ ಉರ್ದು ಬಾರದು, ನಮ್ಮ ಕನ್ನಡ ತಿಳಿಯದು, ಇಂಗ್ಲಿಷೇ ಗತಿ. ನಡುವೆ ನಿಂತು ಅರ್ಥ ಹೇಳುವವನು ಅರ್ಧಂಬರ್ಧ ಕಲಿತವನಾದರೂ ಅವನದೇ ದರ್ಬಾರು.

ನಾವು ಸುರಪುರದವರು. ಅಪ್ಪ ಸಣ್ಣ ಶಾಲೆಯ ಮಾಸ್ತರ. ಅಕ್ಕನನ್ನು ಶಹಾಪುರದ ಕಾಳಿನ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ಅಲ್ಲಿ ಅವಳಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಇಳಿದುಹೋಗಿತ್ತು. ಮತ್ತೆ ನಿಂತಾಗ, ಮದ್ರಾಸ್ ಕಡೆಯ ಡಾಕ್ಟರಮ್ಮ ಬಂದಿದ್ದಾರೆಂದು ಕೇಳಿ ಅವಳ ಅತ್ತೆ ದವಾಖಾನೆಗೆ ಕರೆದುಕೊಂಡು ಹೋದಳು. ಶಾಲೆಗೆ ಸೂಟಿ ಇದ್ದುದರಿಂದ ಅಕ್ಕನ ಮನೆಯಲ್ಲಿದ್ದ ನಾನೂ ಬೆನ್ನು ಹತ್ತಿದೆ.

ಡಾಕ್ಟರಮ್ಮ ಅಕ್ಕನನ್ನು ಪರೀಕ್ಷಿಸಿ, ಹೊರಗೆ ಬಂದು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಲಾಯಬಲ್ ಅನ್ನುವುದು ಅದರಲ್ಲಿ ಮತ್ತೆ ಮತ್ತೆ ಬಂತು. ಅರ್ಥ ಹೇಳಲು ಇದ್ದವನು ಕಂಪೌಂಡರ್. ಅವನು ಅಲ್ಲಿಗೆ ಬರುವ ಮೊದಲು ವಕೀಲರೊಬ್ಬರ ಗುಮಾಸ್ತನಾಗಿದ್ದ, ಅವನ ಇಂಗ್ಲಿಷೆಲ್ಲ ದಾವೆಯ ಕಾಗದಗಳಿಂದ ಹೆಕ್ಕಿದ್ದು. ಯಾರ ಮೇಲೆ ನಷ್ಟ ಹೊರಿಸಬೇಕೋ ಅವರನ್ನು ಆ ಕಾಗದಗಳಲ್ಲಿ ಲಾಯಬಲ್, ಅಂದರೆ ಹೊಣೆಗಾರ, ಅನ್ನುತ್ತಾರೆ.

"ಏನಂತಾರ್ರಿ?" ಅಂತ ಅತ್ತೆ ಅವನನ್ನು ಕೇಳಿದಳು.

"ಗರ್ಭ ಇಳಿಯೋದಕ್ಕ ನಿಮ್ಮ ಸೊಸಿನೇ ಜಿಮ್ಮೇದಾರ ಅಂತಾರವ್ವ. ಲಾಯಬಲ್ ಅಂದ್ರ ಜಿಮ್ಮೇದಾರ."

"ಇಕೀನಾ?"

"ಹೌದ್ರಿ. ಬಾಯಿ ಬಿಟ್ಟು ಅಂದಾರಲ್ಲ, ನೀವಾ ಕೇಳೀರಿ."

ಡಾಕ್ಟರಮ್ಮನ ಮಾತು ಇನ್ನೂ ಮುಗಿದಿರಲಿಲ್ಲ. ಅತ್ತೆ ಸೆರಗು ಕೊಡವಿ ಎದ್ದೇಬಿಟ್ಟಳು. ಉಳಿದದ್ದನ್ನು ಅವಳು ಕೇಳಲಿಲ್ಲ, ಕಂಪೌಂಡರನೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದ ಶಬ್ದ ಅದೊಂದೇ ಇತ್ತೆಂದು ಕಾಣುತ್ತದೆ.

ಅಂದಿನಿಂದ ಆ ಮನೆಯಲ್ಲಿ ಅಕ್ಕನಿಗೆ ಅದೇ ಹೆಸರಾಯಿತು. ರೊಟ್ಟಿ ಸೀದರೆ ಜಿಮ್ಮೇದಾರ, ಹಾಲು ಉಕ್ಕಿದರೆ ಜಿಮ್ಮೇದಾರ. "ಈ ಸಲ ಏನರ ಆತಂದ್ರ ನೀನಾ ಜಿಮ್ಮೇದಾರ ನೋಡು," ಅಂತ ಅತ್ತೆ ದಿನಾ ಎಚ್ಚರಿಸುತ್ತಿದ್ದಳು. ಅಕ್ಕ ಹೆದರಿದಳು. ತಾನು ಸೋಮಾರಿಯಲ್ಲ, ತನ್ನಲ್ಲಿ ಐಬಿಲ್ಲ ಅಂತ ತೋರಿಸಲು ಕೂತಲ್ಲಿ ಕೂಡದೆ ದುಡಿದಳು. ಬಾವಿಯಿಂದ ನೀರು ಸೇದಿದಳು, ಬೀಸುವ ಕಲ್ಲಿನ ಮುಂದೆ ಕೂತು ಮನೆಮಂದಿಗೆಲ್ಲ ಜೋಳ ಬೀಸಿದಳು. ಗಂಡ ಅನ್ನಿಸಿಕೊಂಡವನು ನೋಡುತ್ತ ಉಂಡು ಎದ್ದು ಹೋಗುತ್ತಿದ್ದ. ಐದನೆಯ ತಿಂಗಳಲ್ಲಿ ಆ ಗರ್ಭವೂ ಹೋಯಿತು. ಬಾಣಂತಿಯಂತೆ ಆರೈಕೆ ಮಾಡಬೇಕಾದವಳನ್ನು ಅಪ್ಪನನ್ನು ಕರೆಸಿ ಟ್ರಂಕಿನ ಸಮೇತ ಕಳಿಸಿಕೊಟ್ಟರು.

ಮುಂದೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶುರುವಾಯಿತು. ಒಂದು ದಿನ ಇಂಗ್ಲಿಷ್ ಮಾಸ್ತರರು ಪಾಠ ಓದುತ್ತ, ಮಣ್ಣಿನ ಗೋಡೆ ಮಳೆಗೆ ಬೀಳಲು ಲಾಯಬಲ್ ಅಂದರು. ನಾನು ಎದ್ದು ನಿಂತೆ.

"ಗ್ವಾಡಿ ಏನ್ ತಪ್ಪ ಮಾಡೇತ್ರಿ, ಸರ?"

ಹುಡುಗಿಯರೆಲ್ಲ ನಕ್ಕರು. ಮಾಸ್ತರರು ನಗಲಿಲ್ಲ. "ಇಲ್ಲಿ ತಪ್ಪಿನ ಮಾತಿಲ್ಲವ್ವ. ಬೀಳೋ ಸಂಭವ ಐತಿ, ಜ್ವಾಕಿ ಮಾಡ್ರಿ ಅಂತ ಅರ್ಥ. ಜಿಮ್ಮೇದಾರ ಅನ್ನೋದೂ ಐತಿ, ಅದು ಬ್ಯಾರೆ ಕಡೆ," ಅಂದರು. ನನಗೆ ಬೆಂಚಿನ ಮೇಲೆ ಕೂಡುವುದು ಸಾಧ್ಯವಾಗಲಿಲ್ಲ. ಗರ್ಭ ಇಳಿಯುವ ಸಂಭವ ಇದೆ, ಇವಳನ್ನು ಜೋಪಾನ ಮಾಡಿ ಅಂತ ಆ ಡಾಕ್ಟರಮ್ಮ ಗಂಟಲು ಹರಿದುಕೊಂಡಿದ್ದರು.

ಶಹಾಪುರದಲ್ಲಿ ಆಗಲೇ ಅಕ್ಕನ ಗಂಡನಿಗೆ ಬೇರೆ ಹೆಣ್ಣು ನೋಡುತ್ತಿದ್ದರು. ಅಪ್ಪ ನನ್ನನ್ನೇ ಕರೆದುಕೊಂಡು ಹೋದ. ನಾನು ಮಾಸ್ತರರು ಹೇಳಿದ್ದನ್ನು ತಪ್ಪದೆ ಹೇಳಿದೆ. ಈಗ ಇವರಿಗೆ ನಾಚಿಕೆಯಾಗುತ್ತದೆ, ಅಕ್ಕನನ್ನು ಕರೆದುಕೊಳ್ಳುತ್ತಾರೆ ಅಂತ ನಂಬಿದ್ದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದಳು.

"ಸಂಭವ ಅಂದ್ರೇನು, ಜಿಮ್ಮೇದಾರ ಅಂದ್ರೇನು, ಬೀಗರ. ಹೋದದ್ದು ಆಕಿ ಹೊಟ್ಟಿಂದ ಹೌದಲ್ಲ? ಮತ್ತ್ಯಾರು ಜಿಮ್ಮೇದಾರ, ನನ್ನ ಮಗನಾ?"

ಮಗ ಅಲ್ಲೇ ಚೀಲಕ್ಕೆ ಒರಗಿ ಕೂತಿದ್ದ. ಅಂಗೈಯಲ್ಲಿ ತೊಗರಿ ಹಿಡಿದು ಅದರಲ್ಲಿ ಹುಳ ಹುಡುಕುತ್ತಿದ್ದ. ಅಪ್ಪ ಎರಡು ಸಲ ಅವನ ಮುಖ ನೋಡಿದ. ಅವನು ತಲೆ ಎತ್ತಲಿಲ್ಲ.

ಕಂಪೌಂಡರನ ಮೇಲಿನ ನನ್ನ ಸಿಟ್ಟು ಅರ್ಧ ಇಳಿದದ್ದು ಆಗಲೇ. ಅವನು ತಿಳಿಯದೆ ತಪ್ಪಿದ್ದ. ಇವರು ಸರಿಯಾದ ಅರ್ಥವನ್ನು ಕೈಗೆ ಕೊಟ್ಟರೂ ತಮಗೆ ಬೇಕಾದ ಅರ್ಥವನ್ನೇ ಇಟ್ಟುಕೊಂಡರು. ಅದೇ ಶಬ್ದ ಅವರ ಮಗನ ಮೇಲೆ ಬಿದ್ದಿದ್ದರೆ, ಇದಕ್ಕೆ ಇನ್ನೊಂದು ಅರ್ಥ ಇರಲೇಬೇಕು ಅಂತ ಹೈದರಾಬಾದಿನವರೆಗೂ ಹೋಗಿ ಕೇಳುತ್ತಿದ್ದರು. ಸೊಸೆಯ ಮೇಲೆ ಬಿದ್ದದ್ದರಿಂದ ಮೊದಲನೆಯದೇ ಸಾಕಾಯಿತು.

ಮನೆಗೆ ಬಂದಾಗ ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವರು ಕರೆಸಿಕೊಳ್ಳುತ್ತಾರಾ ಅಂತ ಅವಳು ಕೇಳಲಿಲ್ಲ. ಡಾಕ್ಟರಮ್ಮ ನಿಜವಾಗಿ ಏನು ಹೇಳಿದ್ದರು ಅಂತಷ್ಟೇ ಕೇಳಿದಳು. ಹೇಳಿದೆ.

"ಬೈದಿರಲಿಲ್ಲೇನು ನನಗ?"

"ಇಲ್ಲಕ್ಕ. ಜ್ವಾಕಿ ಮಾಡ್ರಿ ಅಂದಿದ್ರು."

ಅವಳು ಮೊರ ಕೆಳಗಿಟ್ಟಳು. "ಯಾರರ ಹೇಳಿದ್ರ ಮಲಕೊಂಡಿರತಿದ್ದೆ ನಾ," ಅಂದಳು.

ಆ ಮನೆಯಲ್ಲಿ ನಿನ್ನನ್ನು ಮಲಗಲು ಯಾರು ಬಿಡುತ್ತಿದ್ದರು ಅನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅವಳು ಕೆಳಗಿಟ್ಟ ಮೊರ ಎತ್ತಿಕೊಂಡು ಉಳಿದ ಜೋಳವನ್ನು ನಾನೇ ಹಸನು ಮಾಡಿದೆ.