ತಡವಾಗಿ ಬಂದ ಸೊಲ್ಲು

ಹಾಲಹರವಿಯ ಸುತ್ತಮುತ್ತ ಅರಿಶಿನ ಕುಟ್ಟುವ ಹಾಡೆಂದರೆ ಲಿಂಗಕ್ಕ. ಲಿಂಗಕ್ಕ ಎಂದರೆ ಜೊತೆಗೆ ತಂಗಿ ಲಕ್ಷ್ಮಿದೇವಿ. ಅಕ್ಕ ಸೊಲ್ಲು ಎತ್ತಬೇಕು, ಅದು ನೆಲಕ್ಕೆ ಬೀಳುವ ಮೊದಲೇ ತಂಗಿ ಹಿಡಿಯಬೇಕು. ಒಂದೇ ಒರಳಿಗೆ ಎರಡು ಒನಕೆ ಹಾಕಿದಂತೆ: ಒಂದು ಏಳುವಾಗ ಇನ್ನೊಂದು ಇಳಿಯಬೇಕು, ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಕುರಿ ಕಾಯುತ್ತಾ ಕಲಿತ ಹಾಡು. ತುಂಗಭದ್ರೆಯ ದಂಡೆಯ ನಾಗಲದಿನ್ನೆಗೆ ಕೊಟ್ಟ ಮೇಲೂ ಲಕ್ಷ್ಮಿದೇವಿ ಮದುವೆ ಅಂದರೆ ಸಾಕು, ಬಸ್ಸು ಹತ್ತಿ ಬರುತ್ತಿದ್ದಳು.

ಲಿಂಗಕ್ಕನ ಮೊಮ್ಮಗಳು ಅಮೂಲ್ಯಳ ಮದುವೆಗೆ ಮಾತ್ರ ಬರಲಾಗಲಿಲ್ಲ. ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಅಮೂಲ್ಯಳೇ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಒರಳಿನ ಪಕ್ಕದ ಅಕ್ಕಿ ಚೀಲಕ್ಕೆ ಒರಗಿಸಿಟ್ಟಳು. ತಂಗಿಯ ಮುಖ ಕಂಡು ಲಿಂಗಕ್ಕ ಹಿಗ್ಗಿ ಹೀರೇಕಾಯಿಯಾದಳು. ಆದರೆ ಹಾಡು ಶುರುವಾದದ್ದೇ ತಡ, ಎಲ್ಲ ಕೆಟ್ಟಿತು. ಅಕ್ಕ ಕಾದು ಕಾದು ಮುಂದಿನ ಸೊಲ್ಲು ಎತ್ತಿದಾಗ ತಂಗಿಯ ಹಿಂದಿನ ಸೊಲ್ಲು ಬಂದು ಅದರ ಮೇಲೆ ಬೀಳುತ್ತಿತ್ತು. ಒನಕೆಗಳು ತಾಳ ತಪ್ಪಿದವು. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಊರಿಗೆಲ್ಲ ಹಾಡು ಕಲಿಸಿದವಳ ಮುಂದೆ ಬೀಗರು ನಗುವುದೆಂದರೆ ಸುಮ್ಮನೆಯೇ? ಲಿಂಗಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಲಕ್ಷ್ಮೀ, ನಿನ್ನ ಬಾಯಿಗೆ ಮುಪ್ಪು ಬಂದೈತಿ. ಸುಮ್ಕಿರು, ನನ್ನ ಮರ್ಯಾದಿ ಕಳೀಬ್ಯಾಡ."

ಆ ಮಾತು ನಾಗಲದಿನ್ನೆ ಮುಟ್ಟುವವರೆಗೆ ತಂಗಿ ನಗುನಗುತ್ತಾ ಹಾಡುತ್ತಲೇ ಇದ್ದಳು. ಆಮೇಲೆ ನಗುವೂ ನಿಂತಿತು, ಹಾಡೂ ನಿಂತಿತು.

ಮದುಮಗಳು ಬೀಗರೆದುರು ಅಜ್ಜಿಗೆ ತಿರುಗಿ ಮಾತಾಡುವಂತಿರಲಿಲ್ಲ. ಗಂಡನ ಮನೆಯಿಂದ ತವರಿಗೆ ಬಂದಾಗ ಅಮೂಲ್ಯ ಮೆಲ್ಲಗೆ ಬಿಡಿಸಿ ಹೇಳಿದಳು. ಫೋನಿನಲ್ಲಿ ದನಿ ಹೋಗಿ ಬರಲು ಹೊತ್ತು ಹಿಡಿಯುತ್ತದೆ, ಆ ಊರಿನಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೇ.

"ಲಕ್ಷ್ಮಿ ಚಿನ್ನವ್ವ ತಡ ಮಾಡಿಲ್ಲವ್ವಾ. ನಿನ್ನ ಸೊಲ್ಲು ಕಿವಿಗೆ ಬಿದ್ದ ಕೂಡ್ಲೇ ಹಿಡಿದಾಳ ಆಕಿ. ಲೇಟಾಗಿದ್ದು ನೆಟ್‌ವರ್ಕು."

ಲಿಂಗಕ್ಕನಿಗೆ ಆ ದಿನ ಅನ್ನ ಇಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ. ಬಸ್ಸು ಹಿಡಿದು ನಾಗಲದಿನ್ನೆಗೆ ಹೋಗಿ, ತಂಗಿಯ ಕೈ ಹಿಡಿದು ತಪ್ಪಾಯಿತು ಅಂದಳು. ತಂಗಿ, ಅದೇನು ದೊಡ್ಡ ಮಾತು ಬಿಡು ಎಂದು ಕುಂಟುತ್ತಲೇ ಎದ್ದು ರೊಟ್ಟಿ ಬಡಿದು ಹಾಕಿದಳು. ಮುನಿಸೇನೂ ಕಾಣಲಿಲ್ಲ. ಉಂಡು ಕೈ ತೊಳೆದ ಮೇಲೆ ಲಿಂಗಕ್ಕ ಆಸೆಯಿಂದ ಒಂದು ಸೊಲ್ಲು ಎತ್ತಿದಳು.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ಲಕ್ಷ್ಮಿದೇವಿ ಅದನ್ನು ಹಿಡಿಯಲಿಲ್ಲ. ಅಕ್ಕನ ತುಟಿಯನ್ನೇ ನೋಡುತ್ತಾ, ಪೂರಾ ಮುಗಿಯಿತೇ ಎಂದು ಕಾದು, ಆಮೇಲೆ ಸಣ್ಣಗೆ ದನಿ ತೆಗೆದಳು. ಎರಡನೆಯ ಸೊಲ್ಲಿಗೂ ಹಾಗೆಯೇ ಕಾದಳು.

"ಈಗ ಸರಿ ಬಂತೇನಕ್ಕಾ?"

ಬಂತು ಅಂದಳು ಲಿಂಗಕ್ಕ. ಮೂರನೆಯ ಸೊಲ್ಲು ಎತ್ತಲು ಅವಳಿಂದ ಆಗಲಿಲ್ಲ.