‘ವೆಹಿಮೆಂಟ್’ ಪದಕ್ಕೆ ರೇಣುಕಾದೇವಿಯವರು ಬರೆದ ತಿದ್ದುಪಡಿ

ಪದದ ಅರ್ಥವನ್ನು ಅಂದಾಜಿನ ಮೇಲೆ ಹೇಳದವರೆಂದು ಯಾದಗಿರಿ ಜಿಲ್ಲೆಯ ಇಂಗ್ಲಿಷ್ ಶಿಕ್ಷಕರಲ್ಲಿ ಹೆಸರಾದ ಶ್ರೀಮತಿ ರೇಣುಕಾದೇವಿಯವರು ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಮುದನಾಳದ ರೈತ ಮನೆತನದಿಂದ ಬಂದು, ಮೊದಲು ಬಳಿಚಕ್ರದಲ್ಲಿ, ಆಮೇಲೆ ಶಹಾಪುರದಲ್ಲಿ ಪಾಠ ಹೇಳಿದ ಅವರಿಗೆ ಈ ಹೆಸರು ಬಂದದ್ದು ಒಂದು ತಪ್ಪಿನಿಂದ.

ಹನ್ನೆರಡು ವರ್ಷಗಳ ಹಿಂದೆ ಸುರಪುರದ ಕಡೆಯ ಒಂದು ಬಾಲಕಿಯರ ವಸತಿನಿಲಯದಲ್ಲಿ ಅಡುಗೆಯ ದುರಗಮ್ಮನವರಿಗೂ ಮೇಲ್ವಿಚಾರಕರಿಗೂ ಜಗಳವಾಯಿತು. ವಿಚಾರಣೆಗೆ ಬಂದ, ಕನ್ನಡ ಬಾರದ ಅಧಿಕಾರಿಯೊಬ್ಬರು ಆಕೆಯ ವಿರೋಧ ‘ವೆಹಿಮೆಂಟ್’ ಆಗಿತ್ತೆಂದು ಇಂಗ್ಲಿಷಿನಲ್ಲಿ ವರದಿ ಬರೆದರು. ಅದನ್ನು ಕನ್ನಡಕ್ಕೆ ತರುವ ಕೆಲಸ ರೇಣುಕಾದೇವಿಯವರ ಪಾಲಿಗೆ ಬಂತು. ಉತ್ತರಪತ್ರಿಕೆಗಳ ರಾಶಿಯ ನಡುವೆ ಅವಸರದಲ್ಲಿ ಅವರು ‘ಹಿಂಸಾತ್ಮಕ’ ಎಂದು ಬರೆದುಕೊಟ್ಟರು. ಆ ಒಂದು ಪದದ ಮೇಲೆ ದುರಗಮ್ಮನವರ ಕೆಲಸ ಹೋಯಿತು.

ಅನುವಾದಿಸಿದವರು ಯಾರೆಂದು ಕೇಳಿ ತಿಳಿದು ಆಕೆ ನೆಟ್ಟಗೆ ರೇಣುಕಾದೇವಿಯವರ ಶಾಲೆಗೇ ಬಂದರು.

“ನಾ ಯಾರ ಮ್ಯಾಲೂ ಕೈ ಮಾಡಿಲ್ರಿ, ಅಕ್ಕೋರ. ಹುಳ ಬಿದ್ದ ಬ್ಯಾಳಿ ಹುಡುಗ್ಯಾರಿಗಿ ಕುದಸಂಗಿಲ್ಲ ಅಂತ ಒದರೀನಿ. ಅಷ್ಟಕ್ಕ ಹೊಡದಾಳ ಅಂತ ಹ್ಯಾಂಗ ಬರದ್ರಿ?”

ರೇಣುಕಾದೇವಿಯವರು ನಿಘಂಟು ತೆರೆದರು. ಆ ವಿಶೇಷಣ ಭಾವದ ಕಾವನ್ನು, ಮಾತಿನ ಬಿರುಸನ್ನು ಹೇಳುತ್ತದೆ. ವಾದ, ನಿರಾಕರಣೆ, ಪ್ರತಿಭಟನೆಗಳ ಜೊತೆ ಬರುತ್ತದೆ. ಕೈ ಎತ್ತದವರಿಗೂ ಸಲ್ಲುತ್ತದೆ. ‘ಹಿಂಸಾತ್ಮಕ’ ಅಲ್ಲ, ‘ತೀವ್ರ’ ಎಂದಿರಬೇಕಿತ್ತು, ತಪ್ಪು ತಮ್ಮದೇ ಎಂದು ಅಂದೇ ತಿದ್ದುಪಡಿ ಪತ್ರ ಬರೆದರು.

“ಬಡ್ತಿ ಪಟ್ಟಿಯೊಳಗ ನಿಮ್ಮ ಹೆಸರದ. ತಪ್ಪು ನಂದೇ ಅಂತ ಬರದು ಯಾಕ ಕೆಡಸ್ಕೋತೀರಿ?” ಎಂದರು ಮುಖ್ಯೋಪಾಧ್ಯಾಯ ಮರಿಲಿಂಗಪ್ಪನವರು.

“ಆಕಿ ಕೆಲಸಾನೇ ಹೋಗ್ಯಾದಲ್ರಿ, ಸರ್,” ಎಂದು ರೇಣುಕಾದೇವಿಯವರು ಸಹಿ ಹಾಕಿದರು.

ಕಾರಣ ಕೇಳಿ ನೋಟಿಸು ಬಂತು. ಬಡ್ತಿ ಮೂರು ವರ್ಷ ಹಿಂದೆ ಬಿತ್ತು. ದುರಗಮ್ಮನವರು ಏಳು ತಿಂಗಳ ಮೇಲೆ ಕೆಲಸಕ್ಕೆ ಮರಳಿದರು. ಕ್ಷಮೆ ಕೇಳಲು ವಸತಿನಿಲಯಕ್ಕೆ ಹೋದ ರೇಣುಕಾದೇವಿಯವರಿಗೆ ಆಕೆ ಹೇಳಿದ್ದಿಷ್ಟು: “ತಪ್ಪ ಮಾಡಿದವರೂ ನೀವ, ತಿದ್ದಿದವರೂ ನೀವ. ಅದಕ್ಕ ನಾ ಹೊಗಳಂಗಿಲ್ರಿ. ಊಟದ ಹೊತ್ತಾಗ್ಯಾದ, ಕುಂದರ್ರಿ.” ರೇಣುಕಾದೇವಿಯವರು ಹುಡುಗಿಯರ ಸಾಲಿನಲ್ಲಿ ಕುಳಿತು ಉಂಡರು.

ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಆ ಪ್ರಸಂಗ ಬೇಡವೆಂದು ಸಹೋದ್ಯೋಗಿಗಳು ಸೂಚಿಸಿದಾಗ, “ಅದನ್ನ ಬಿಟ್ಟು ನನ್ನ ಬಗ್ಗಿ ಬರಿಯೋದೇನದ?” ಎಂದವರೂ ಅವರೇ. ಕಚೇರಿಯ ಇಂಗ್ಲಿಷ್ ಪದಗಳಿಗೆ ಅವರೀಗ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಕೈಪಿಡಿ ಮುಗಿಯಲಿ; ಮುಗಿದ ಮೇಲೂ ಅದನ್ನು ತಿದ್ದುವ ಕಸುವು ಅವರ ಕೈಯಲ್ಲಿ ಉಳಿಯಲಿ.